ತಲೆ ಎಣಿಸಿ ನೀರು ತುಂಬುವ ಥೆಲ್ಮಾ

ಬೆಳಗಿನ ಆರು ಗಂಟೆ. ಸ್ಕಾರ್ಸ್‌ಬಿಯ ಸಮುದ್ರ ದಂಡೆಯ ಕಡಿದಾದ ಗುಡ್ಡದ ತುದಿಯಲ್ಲಿ ಥೆಲ್ಮಾ ಗಾರ್ಬಟ್ ಕೋಟಿನ ತೋಳು ಮಡಚಿ ರಾಟೆಗೆ ಗ್ರೀಸ್ ಹಚ್ಚುತ್ತಿದ್ದಾರೆ. ಜನರನ್ನು ಗುಡ್ಡ ಹತ್ತಿಸಿ ಇಳಿಸುವ, ವಿಕ್ಟೋರಿಯಾ ರಾಣಿಯ ಕಾಲದ ಈ ಲಿಫ್ಟನ್ನು ಇಂದಿಗೂ ನೀರೇ ನಡೆಸುತ್ತದೆ. ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಗಾಡಿ. ಮೇಲಿನದರ ತೊಟ್ಟಿಗೆ ನೀರು ಬಿಟ್ಟರೆ ಅದು ಇಳಿಯುತ್ತದೆ, ಕೆಳಗಿನದು ಏರುತ್ತದೆ. ಕೆಳಗೆ ಎಷ್ಟು ಮಂದಿ ಹತ್ತಿದರೋ ಅಷ್ಟು ಸಲ ಅಲ್ಲಿನ ಕೆಲಸಗಾರ ಕ್ಲೈವ್ ಪೆಚ್ ಗಂಟೆ ಬಾರಿಸುತ್ತಾನೆ. ಅದನ್ನು ಕೇಳಿ ಎಷ್ಟು ನೀರು ಬಿಡಬೇಕೆಂದು ಅಂದಾಜು ಮಾಡುವುದೇ ಮೇಲಿನವರ ಕಸುಬು.

“ಕಡಿಮೆ ಆದ್ರೆ ಗಾಡಿ ಅಲ್ಲಾಡಲ್ಲ. ಜಾಸ್ತಿ ಆದ್ರೆ ಬ್ರೇಕು ಸುಟ್ಟ ನಾತ ಹೊಡೆಯುತ್ತೆ,” ಎನ್ನುತ್ತಾರೆ ಥೆಲ್ಮಾ.

ಐವತ್ತೆಂಟರ ಈಕೆ ಹತ್ತೊಂಬತ್ತು ವರ್ಷ ಇದೇ ಲಿಫ್ಟಿನ ಟಿಕೆಟ್ ಕಿಂಡಿಯಲ್ಲಿ ಕಡಲಗಾಳಿಗೆ ಮರಗಟ್ಟಿದವರು. ಗಂಡ ತೀರಿಕೊಂಡ ಚಳಿಗಾಲದಲ್ಲಿ ಮನೆಯಲ್ಲಿ ಕೂರಲಾರದೆ, ಬ್ರೇಕ್ ಹಿಡಿಯಲು ಕಲಿಸಿ ಎಂದು ಲಿಫ್ಟ್ ನಡೆಸುವ ನಾರ್ಮನ್ ಟೈರ್‌ಮನ್ ಬೆನ್ನು ಬಿದ್ದರು. ಬೇಸಿಗೆಯಲ್ಲಿ ದಿನಕ್ಕೆ ಅರವತ್ತು ಓಟ. ಅಷ್ಟನ್ನೂ ಮೂವತ್ತೊಂದು ವರ್ಷ ನಡೆಸಿದ ನಾರ್ಮನ್‌ಗೆ ಶನಿವಾರ ನಿವೃತ್ತಿ. ಈ ವಿದ್ಯೆ ಊರಲ್ಲಿ ಬೇರೆ ಯಾರಿಗೂ ಬಾರದು. ಇವತ್ತು ಅವರ ಕಣ್ಣೆದುರು ಹತ್ತು ಓಟ ತಡೆಯಿಲ್ಲದೆ ನಡೆಯಬೇಕು. ಒಂದು ನಿಂತರೂ ಈ ಬೇಸಿಗೆ ಲಿಫ್ಟಿಗೆ ಬೀಗ.

ಒಂಬತ್ತು ಓಟ ಸಲೀಸಾಗಿ ಮುಗಿಯುತ್ತವೆ. ನಾರ್ಮನ್ ಹೊಗಳುವುದಿಲ್ಲ, ಥೆಲ್ಮಾ ತಂದ ಚಹಾ ನೀರಾಗಿದೆ ಎಂದಷ್ಟೇ ಗೊಣಗುತ್ತಾರೆ.

ಹತ್ತನೆಯದಕ್ಕೆ ಗಂಟೆ ಹನ್ನೊಂದು ಸಲ ಮೊಳಗುತ್ತದೆ. ಥೆಲ್ಮಾ ಹನ್ನೊಂದು ಜನಕ್ಕಾಗುವಷ್ಟು ನೀರು ಬಿಟ್ಟು, ಕಿಟಕಿಯಿಂದ ಕೆಳಗೆ ಇಣುಕುತ್ತಾರೆ. ಮತ್ತೆ ನಲ್ಲಿ ತಿರುಗಿಸುತ್ತಾರೆ.

“ಹನ್ನೊಂದೇ ಅಲ್ವೇನಮ್ಮಾ ಬಾರಿಸಿದ್ದು? ಹದಿನಾಲ್ಕು ಜನಕ್ಕೆ ತುಂಬ್ತಿದ್ದೀಯಲ್ಲ?” ಎನ್ನುತ್ತಾರೆ ನಾರ್ಮನ್.

“ಅವರು ಬ್ಯಾಂಡಿನವರು ಸಾರ್. ಆ ಡೋಲು, ಆ ದೊಡ್ಡ ಹಿತ್ತಾಳೆ ತುತ್ತೂರಿ ಟಿಕೆಟ್ ತಗೊಂಡಿಲ್ಲ. ಕ್ಲೈವ್ ತಲೆ ಎಣಿಸ್ತಾನೆ, ಕೈಲಿರೋದನ್ನ ಎಣಿಸಲ್ಲ.”

ಬ್ರೇಕ್ ಸಡಿಲವಾಗುತ್ತದೆ. ಗಾಡಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮೆಲ್ಲನೆ ಜಾರುತ್ತದೆ. ಕೆಳಗಿನಿಂದ ಹಿತ್ತಾಳೆ ಹೊಳೆಯುತ್ತಾ ಮೇಲೇರಿ ಬರುತ್ತದೆ.

ತಾನು ಹೊಸಬನಾಗಿದ್ದಾಗ ನೀರು ಸಾಲದೆ ಇಂಥದೇ ಬ್ಯಾಂಡನ್ನು ಅರ್ಧ ಗಂಟೆ ಕೆಳಗೇ ಕೂರಿಸಿದ್ದನ್ನು ನಾರ್ಮನ್ ಈಗ ಮೊದಲ ಸಲ ಒಪ್ಪಿಕೊಳ್ಳುತ್ತಾರೆ. ಥೆಲ್ಮಾಗೆ ಲಿಫ್ಟ್ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುತ್ತಾರೆ. ಬ್ಯಾಂಡಿನವರು ಇಳಿದ ಮೇಲೆ, ಅಭ್ಯಾಸಬಲದಿಂದ ನಾರ್ಮನ್ ಕೈ ಬ್ರೇಕಿನತ್ತ ಚಾಚುತ್ತದೆ. ಥೆಲ್ಮಾ ಗಾಡಿಯ ಬಾಗಿಲು ತೆರೆದು ಹಿಡಿಯುತ್ತಾರೆ.

“ಒಳಗೆ ಹೋಗಿ ಕೂತ್ಕೊಳ್ಳಿ ಸಾರ್. ಇವತ್ತಿಂದ ನೀವೂ ನನ್ನ ಲೆಕ್ಕಕ್ಕೆ ಒಂದು ತಲೆ, ಅಷ್ಟೇ.”