ಹಸಿರು ವೈರು

ಅತ್ತಿಗೆ, ಆ ಆಯುಧಪೂಜೆಯ ದಿನ ನಿಮಗೆ ಕರೆಂಟ್ ಹೊಡೆದದ್ದು ನಿಮ್ಮ ಒದ್ದೆ ಕೈಯಿಂದಲ್ಲ. ನನ್ನಿಂದ. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ.

ಯಲಹಂಕದ ನಮ್ಮ ಮನೆಯಲ್ಲಿ, ನಾನೇ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್. ಅದರಲ್ಲಿ ನೀವು ಮದುವೆ ಪತ್ರಿಕೆಗಳನ್ನು ಡಿಸೈನ್ ಮಾಡುತ್ತಿದ್ದಿರಿ. ಮನೆಯವರೆಲ್ಲ ನನ್ನನ್ನು ಇಂಜಿನಿಯರ್ ಎನ್ನುತ್ತಿದ್ದರು. ಓದಿದ್ದು ಬಿ.ಕಾಂ., ಆದರೂ ನಾನು ತಿದ್ದುತ್ತಿರಲಿಲ್ಲ.

ಹಬ್ಬಕ್ಕೆ ಮೂರು ದಿನ ಇದ್ದಾಗ ಕಂಪ್ಯೂಟರಿನ ಪ್ಲಗ್ ಹಾಕಿದರೆ ಸಾಕು, ಮೇನ್ ಟ್ರಿಪ್ ಆಗಿ ಇಡೀ ಮನೆಯ ಕರೆಂಟ್ ಹೋಗತೊಡಗಿತು. ಒಂದೊಂದೇ ಭಾಗ ಬಿಚ್ಚಿ ನೋಡಿದೆ. ಪವರ್ ಸಪ್ಲೈ ಒಂದನ್ನೇ ಉಳಿಸಿದಾಗಲೂ ಟ್ರಿಪ್ ಆಯಿತು — ಅಂದರೆ ಕೆಟ್ಟಿದ್ದು ಅದೇ, ಅದರೊಳಗಿನ ಕರೆಂಟ್ ಕ್ಯಾಬಿನೆಟ್ಟಿನ ತಗಡಿಗೆ ಸೋರುತ್ತಿದೆ. ಗೊತ್ತಾಯಿತು ಅತ್ತಿಗೆ, ಅವತ್ತೇ ಗೊತ್ತಾಯಿತು. ಹೊಸದು ತರಬೇಕಿತ್ತು. ಆದರೆ ಒಳ್ಳೆಯ ಮಾಲು ಎಂದು ಎಲ್ಲರೆದುರು ಜಂಬ ಕೊಚ್ಚಿ ಅದನ್ನು ತಂದವನು ನಾನೇ. ನಿಮಗೋ ಮಾರನೆಯ ದಿನವೇ ಒಂದು ಪತ್ರಿಕೆ ಕೊಡಬೇಕಿತ್ತು. ಕಂಪ್ಯೂಟರಿಗೆ ಕರೆಂಟ್ ಕೊಡುತ್ತಿದ್ದ ಎಕ್ಸ್‌ಟೆನ್ಶನ್ ಬೋರ್ಡಿನ ಪ್ಲಗ್ ಬಿಚ್ಚಿ, ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವ ಹಸಿರು ವೈರನ್ನು ಕತ್ತರಿಸಿ, ಮತ್ತೆ ಮುಚ್ಚಿದೆ. ಟ್ರಿಪ್ ಆಗುವುದು ನಿಂತಿತು. ಸೋರುವುದು ನಿಂತಿರಲಿಲ್ಲ — ಹೋಗಲು ದಾರಿಯಿಲ್ಲದೆ ಆ ತಗಡಿನಲ್ಲೇ ಕಾದಿತ್ತು. ರಿಪೇರಿ ಆಯಿತು ಎಂದೆ. ನೀವು ಖುಷಿಯಿಂದ ಕಾಫಿ ತಂದುಕೊಟ್ಟಿರಿ, ಕುಡಿದೆ.

ಹಬ್ಬದ ಬೆಳಿಗ್ಗೆ ಅಣ್ಣ ಕೆಳಗೆ ಬೈಕ್ ತೊಳೆಯುತ್ತಿದ್ದ. ನೀವು ಬಕೆಟ್ಟು, ಬಟ್ಟೆ ಹಿಡಿದು ಬಂದಿರಿ.

"ಕಂಪ್ಯೂಟರ್ ಆಫ್ ಮಾಡಿದ್ದೀನಿ ಕಣೋ. ಒರೆಸ್ಲಾ?"

ಕಂಪ್ಯೂಟರ್ ಆಫ್ ಆದರೂ ಪ್ಲಗ್ ಇರುವವರೆಗೆ ತಗಡಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಪ್ಲಗ್ ಕಿತ್ತುಬಿಡಿ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ನೀವು ಕೇಳಿದರೆ...

"ಒರೆಸಿ ಅತ್ತಿಗೆ, ಏನೂ ಆಗಲ್ಲ" ಅಂದೆ.

ನೀವು ಕೂಗಲೂ ಇಲ್ಲ. ಬಕೆಟ್ ಉರುಳಿದ ಸದ್ದು, ಮೇನ್ ಟಕ್ಕೆಂದು ಬಿದ್ದ ಸದ್ದು, ಅಷ್ಟೇ. ಗೋಡೆಗೆ ಒರಗಿ ಬಿದ್ದಿದ್ದ ನಿಮ್ಮ ಕಣ್ಣು ತೆರೆದೇ ಇತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಸತ್ತೇ ಹೋದರು ಎಂದುಕೊಂಡೆ. ಆಗ ನನಗೆ ಬಂದ ಮೊದಲ ಯೋಚನೆ ನಿಮ್ಮದಲ್ಲ — ಯಾರಾದರೂ ಆ ಪ್ಲಗ್ ಬಿಚ್ಚಿ ನೋಡಿದರೆ ಎಂಬುದು. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ನಿಮಗೆ ಎಚ್ಚರವಾಯಿತು. ಅಮ್ಮ ಬೈಯತೊಡಗಿದರು, ಒದ್ದೆ ಬಟ್ಟೆಯಲ್ಲಿ ಕರೆಂಟಿನ ವಸ್ತು ಮುಟ್ಟುತ್ತಾರಾ, ಅಷ್ಟೂ ಬುದ್ಧಿ ಬೇಡವಾ ಎಂದು. ನೀವು ನನ್ನ ಕಡೆ ನೋಡಿದಿರಿ.

"ಬಟ್ಟೆ ಇನ್ನೂ ಚೆನ್ನಾಗಿ ಹಿಂಡ್ಬೇಕಿತ್ತು ಅತ್ತಿಗೆ" ಅಂದೆ.

ತಪ್ಪು ನಿಮ್ಮದೇ ಎಂದು ನೀವು ಒಪ್ಪಿಕೊಂಡಿರಿ. ಸಂಜೆ ಎಲ್ಲರೂ ದೇವಸ್ಥಾನಕ್ಕೆ ಹೋದಾಗ ನಾನು ಆ ಬೋರ್ಡನ್ನೂ ಪವರ್ ಸಪ್ಲೈಯನ್ನೂ ಚೀಲಕ್ಕೆ ತುಂಬಿ ಕೆರೆಯ ಪಕ್ಕದ ಕಸದ ರಾಶಿಗೆ ಎಸೆದು ಬಂದೆ. ನೀವು ಮತ್ತೆಂದೂ ಕಂಪ್ಯೂಟರ್ ಮುಟ್ಟಲಿಲ್ಲ. ಪತ್ರಿಕೆಯ ಕೆಲಸವೂ ಅಲ್ಲಿಗೆ ನಿಂತಿತು. ಈಗಲೂ ಮಿಕ್ಸಿ ಹಾಕುವ ಮೊದಲು ಸೆರಗಿಗೆ ಮೂರು ಸಲ ಕೈ ಒರೆಸುತ್ತೀರಿ.

ಮೊನ್ನೆ ನಿಮ್ಮ ಮಗಳು ಪುಟ್ಟಿ, ಫೋನ್ ಚಾರ್ಜಿಗೆ ಹಾಕುವ ಮೊದಲು ತನ್ನ ಫ್ರಾಕಿಗೆ ಮೂರು ಸಲ ಕೈ ಒರೆಸಿಕೊಂಡಳು. ಯಾಕೆಂದು ಕೇಳಿದೆ.

"ಅಮ್ಮನ ಕೈ ಸರಿ ಇಲ್ವಂತೆ ಚಿಕ್ಕಪ್ಪ. ನಂದೂ ಹಂಗೇ ಇರ್ಬೋದು."

ನಾಳೆ ಮತ್ತೆ ಆಯುಧಪೂಜೆ. ಅಮ್ಮ, ಅಣ್ಣ, ಪುಟ್ಟಿ ಎಲ್ಲರೂ ಇರುವಾಗ ಇದನ್ನು ಗಟ್ಟಿಯಾಗಿ ಓದುತ್ತೇನೆ. ತುಂಬ ಭಯವಾಗುತ್ತಿದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ — ಅದನ್ನು ಪುಟ್ಟಿ ನನ್ನ ಬಾಯಿಂದಲೇ ಕೇಳಬೇಕು.