ಗೋಡೆಗೆ ಮುಖ ಮಾಡಿದ ಬೋರ್ಡು

ಬೀದಿಯವರ ಬಾಯಲ್ಲಿ ಅವನು ಪೇಂಟರಣ್ಣ. ಅರ್ಧ ಪೇಟೆಯ ಅಂಗಡಿ ಹೆಸರುಗಳು ಅವನ ಕುಂಚದಿಂದಲೇ ಇಳಿದವು. ಬರೆದ ಬೋರ್ಡನ್ನು ಬೀದಿಗೆ ಮುಖ ಮಾಡಿ ಒಣಗಲಿಡುವುದು ಅವನ ಪದ್ಧತಿ. ಹೋಗಿಬರುವವರು ನಿಂತು ಓದಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಇಷ್ಟು ವರ್ಷ ಮನೆಯ ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದ ಅವನ ಅಕ್ಕ ಈಗ ಅಂಗಡಿ ತೆರೆಯುವವಳಿದ್ದಳು. ಹೆಸರು 'ರಾಣಿ ಉಡುಪು'. ದೂರದ ಗಿರಾಕಿಗಳೂ ಬರಲೆಂದು ಅದರ ಕೆಳಗೆ ಅದೇ ಹೆಸರಿನ ವೆಬ್‌ಸೈಟ್ ವಿಳಾಸ. ಪೇಂಟರಣ್ಣ ಮೈಯೆಲ್ಲ ಕೈಯಾಗಿ ಬರೆದ. ಬೋರ್ಡು ಬೀದಿಯಲ್ಲಿ ಮಿರಿಮಿರಿ ಮಿಂಚಿತು.

ಅಂಗಡಿ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಅಕ್ಕನ ಮಗಳು ಕಂಪ್ಯೂಟರಿನ ಮುಂದೆ ಹಣೆ ಚಚ್ಚಿಕೊಂಡಳು.

"ಮಾವ, ಈ ವಿಳಾಸ ಮೊನ್ನೆ ಯಾರೋ ತಗೊಂಡ್ಬಿಟ್ಟಿದಾರೆ."

"ತಗೊಳ್ಳೋದೇನು? ಬರ್ದೋನು ನಾನು!"

"ಬರ್ದ್ರೆ ನಮ್ಮದಾಗಲ್ಲ. ಹೆಸರು ನೋಂದಾಯಿಸೋ ಕಂಪನಿಗಳಿವೆ. ಖಾಲಿ ಇದ್ಯಾ ನೋಡಿ, ವರ್ಷಕ್ಕಿಷ್ಟು ಅಂತ ಕಟ್ಟಿ ನಮ್ಮ ಹೆಸರಿಗೆ ಮಾಡ್ಕೋಬೇಕು. ಇಡೀ ಜಗತ್ತಿಗೆ ಆ ವಿಳಾಸ ಒಂದೇ, ಮೊದಲು ಕೇಳ್ದೋರಿಗೆ ಸಿಗತ್ತೆ. ನೀನು ನೋಡಿದ್ರೆ ಮೊದ್ಲೇ ಬೋರ್ಡು ಬೀದೀಲಿಟ್ಟು ಡಂಗುರ ಸಾರಿದ್ದೆ!"

ಪೇಂಟರಣ್ಣ ಕೂತಲ್ಲೇ ಕಣ್ಣು ಮುಚ್ಚಿದ. ರೆಪ್ಪೆಯೊಳಗೆ ಕೊನೆಯಿಲ್ಲದ ಬೀದಿಯೊಂದು ತೆರೆದುಕೊಂಡಿತು. ಗೋಡೆಗಳಿಲ್ಲ, ಬಿಸಿಲಿಲ್ಲ, ಬರೀ ಬೋರ್ಡುಗಳು ಗಾಳಿಯಲ್ಲಿ ತೇಲುತ್ತಿವೆ. ಮುಟ್ಟಿದರೆ ಬಣ್ಣ ಕೈಗೆ ಹತ್ತುತ್ತಿಲ್ಲ. ಎಲ್ಲೋ ಅಕ್ಕನ ಹೊಲಿಗೆ ಮಿಷನ್ನಿನ ಟಕಟಕ ಕೇಳುತ್ತಿದೆ, ಅವಳ ಬಾಗಿಲು ಮಾತ್ರ ಸಿಗುತ್ತಿಲ್ಲ.

"ಎಚ್ಚರ ಇದೀಯೇನೋ?" ಅಕ್ಕ ಗದರಿದಳು. ಅವಳ ಕಣ್ಣು ತೇವವಾಗಿತ್ತು. ನಾಳೆ ಬರುವವರಿಗೆ ಬೇರೆಯವರ ವಿಳಾಸ ತೋರಿಸುವುದು ಹೇಗೆ? ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ರಾಣಿ ಅಂತೆ ರಾಣಿ! ಬೀದೀಲಿ ನನ್ನ ಏನಂತ ಕರೀತಾರೆ, ಹೇಳು?"

"ಹೊಲಿಗೆಯಕ್ಕ."

"ಅದು ಖಾಲಿ ಇದ್ಯಾ ನೋಡೇ."

ಮಗಳು ಹುಡುಕಿದಳು. ಆ ವಿಳಾಸ ಅಕ್ಕನಿಗೇ ಕಾದಂತೆ ಖಾಲಿ ಇತ್ತು. ಅಲ್ಲೇ ಅಮ್ಮನ ಹೆಸರಿಗೆ ನೋಂದಾಯಿಸಿದಳು.

"ವರ್ಷ ತುಂಬೋ ಮೊದಲು ಮತ್ತೆ ಕಟ್ಬೇಕು ಮಾವ. ಮರೆತ್ರೆ ಕೈತಪ್ಪತ್ತೆ."

"ಮಾಸೋ ಮೊದ್ಲು ಇನ್ನೊಂದು ಕೈ ಬಣ್ಣ ಹೊಡೆದ ಹಾಗೆ ಅನ್ನು!" ಹಳೆಯ ಅಕ್ಷರಗಳ ಮೇಲೆ ಬಿಳಿ ಬಳಿಯುತ್ತಿದ್ದ ಅವನ ಮುಖ ಅರಳಿತು.

ಸಂಜೆ 'ಹೊಲಿಗೆಯಕ್ಕ' ಬೋರ್ಡು ಒಣಗುತ್ತಿತ್ತು, ಗೋಡೆಗೆ ಮುಖ ಮಾಡಿ.

"ತಿರುಗ್ಸು ಮಾವ, ಈಗ ನಮ್ಮದೇ!" ಅಕ್ಕನ ಮಗಳು ನಕ್ಕಳು.

"ಇರ್ಲಿ ಬಿಡೇ," ಎಂದ ಪೇಂಟರಣ್ಣ, ಕುಂಚ ತೊಳೆಯುತ್ತ. "ಬೆಳಿಗ್ಗೆ ಅಕ್ಕನೇ ತಿರುಗಿಸ್ಲಿ."