ದೇವರ ಯುದ್ಧಕ್ಕೆ ನಾನು ದುಭಾಷಿಯಾದದ್ದು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆದೋನಿಯ ಒಂದು ಮಿಷನ್ ಶಾಲೆಯಲ್ಲಿ ನಾನು ಹೆಣ್ಣುಮಕ್ಕಳಿಗೆ ಪಾಠ ಹೇಳುವ ತಾತ್ಕಾಲಿಕ ಪಂತುಲಮ್ಮ. ಪತ್ತಿಕೊಂಡದಲ್ಲಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ವಾಪಸಾಗಿದ್ದೆ. ಅಣ್ಣ ಹತ್ತಿ ವ್ಯಾಪಾರಿ. ಕೊರಳಲ್ಲಿ ಲಿಂಗ, ಬಾಯಲ್ಲಿ ಹತ್ತಿಯ ದರ. ಅವನ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಊಟ ಹಾಕುತ್ತಿರುವುದನ್ನು ನೆನಪಿಸುವವರಿಗೂ ಕೊರತೆಯಿರಲಿಲ್ಲ. ನೌಕರಿ ಕಾಯಂ ಆದರೆ ಶಾಲೆಯ ಹಿಂದಿನ ಚಿಕ್ಕ ಮನೆಯೊಂದು ನನ್ನದಾಗುತ್ತಿತ್ತು. ಆ ಮನೆಗಾಗಿ ನಾನು ಏನನ್ನು ಬೇಕಾದರೂ ಸಹಿಸಿಕೊಳ್ಳಲು ತಯಾರಾಗಿದ್ದೆ, ಅಥವಾ ಹಾಗೆಂದುಕೊಂಡಿದ್ದೆ.

ಕಾಯಂ ಮಾಡಬೇಕಾದವರು ಹೊಸದಾಗಿ ಬಂದಿದ್ದ ಬಿಳಿಯ ಪಾದ್ರಿ. ಒಳ್ಳೆಯ ಮನುಷ್ಯ, ಕೋಪ ಮಾಡಿಕೊಂಡದ್ದನ್ನು ನಾನು ಕಂಡವಳಲ್ಲ. ಪ್ರತಿ ಭಾನುವಾರ ತಮ್ಮ ರಾಜನ ಸೈನ್ಯ ಗೆಲ್ಲಲಿ ಎಂದು ದೇವರಿಗೆ ಮೊರೆಯಿಡುತ್ತಿದ್ದರು. ಆ ಕಡೆ ಜರ್ಮನರ ಪಾದ್ರಿಗಳೂ ಅದೇ ದಿನ ಅದೇ ದೇವರಿಗೆ ಅರ್ಜಿ ಹಾಕುತ್ತಿದ್ದರಂತೆ. ದೇವರು ಯಾರ ಅರ್ಜಿಯನ್ನು ಮೊದಲು ಬಿಚ್ಚಿ ನೋಡುತ್ತಾನೆ ಎಂದು ಕೇಳುವ ಧೈರ್ಯ ತಾತ್ಕಾಲಿಕ ನೌಕರರಿಗೆ ಇರುವುದಿಲ್ಲ.

ಕೌತಾಳಂ ಆಚೆಗೆ ಕುರುಬರ ಹಳ್ಳಿಯೊಂದಿತ್ತು. ಅಲ್ಲಿಯ ಕೆಲವು ಹುಡುಗಿಯರು ನಮ್ಮ ಶಾಲೆಯಲ್ಲಿ ಉಳಿದು ಓದುತ್ತಿದ್ದರು. ಆ ಹಳ್ಳಿಯಲ್ಲಿ ಉಪದೇಶ ಮಾಡಬೇಕೆಂದು ಪಾದ್ರಿಗೆ ಮನಸ್ಸಾಯಿತು. ಅವರಿಗೆ ಕನ್ನಡ ಬಾರದು, ಆದ್ದರಿಂದ ನಾನು ದುಭಾಷಿ. ಚೆನ್ನಾಗಿ ಮಾಡಿದರೆ ಕಾಯಂ ವಿಷಯ ನೋಡೋಣ ಎಂದರು. ಕುರಿ ಕಾಯುವವರಿಗೆ ಕುರಿ ಇರುವ ಕಥೆಯೇ ಆಗಬೇಕು ಎಂದು ಯೋಚಿಸಿ ಯೆಹೂದ್ಯರ ಹಳೆಯ ಧರ್ಮಗ್ರಂಥದಿಂದ ಒಂದನ್ನು ಆರಿಸಿದ್ದರು. ಆ ಗ್ರಂಥದಲ್ಲಿ ಕುರಿಗಳಿಗೆ ಬರವಿಲ್ಲ, ಸಾಧು ಕುರುಬರಿಗೂ ಬರವಿಲ್ಲ. ಆದರೂ ಹುಡುಕಿ ಹುಡುಕಿ ಇದನ್ನೇ ತೆಗೆದಿದ್ದರು.

ಕಥೆ ಇಷ್ಟು. ಎಷ್ಟೋ ತಲೆಮಾರಿನ ಹಿಂದೆ ಒಂದು ಕುಲದವರು ದಾರಿಯಲ್ಲಿ ಹೋಗುತ್ತಿದ್ದ ಯೆಹೂದ್ಯರ ಪೂರ್ವಿಕರ ಮೇಲೆ ಬಿದ್ದಿದ್ದರು. ದೇವರು ಅದನ್ನು ಮರೆತಿರಲಿಲ್ಲ. ಆ ಕುಲವನ್ನು ಪೂರ್ತಿ ಅಳಿಸಿಬಿಡು, ಗಂಡಸರು, ಹೆಂಗಸರು, ಮೊಲೆಯುಣ್ಣುವ ಕೂಸುಗಳು, ದನ, ಕುರಿ, ಒಂಟೆ, ಕತ್ತೆ ಯಾವುದನ್ನೂ ಬಿಡಬೇಡ ಎಂದು ಪ್ರವಾದಿಯ ಬಾಯಿಂದ ಯೆಹೂದ್ಯರ ರಾಜನಿಗೆ ಅಪ್ಪಣೆಯಾಯಿತು. ರಾಜ ಜನರನ್ನೆಲ್ಲ ಕೊಂದ. ಅವರ ಅರಸನೊಬ್ಬನನ್ನೂ ಕೊಬ್ಬಿದ ಕುರಿಗಳನ್ನೂ ಮಾತ್ರ ಉಳಿಸಿಕೊಂಡ. ಕುರಿ ಉಳಿಸಿದ್ದು ದೇವರಿಗೆ ಬಲಿ ಕೊಡಲೆಂದೇ ಅಂತ ಸಮಜಾಯಿಷಿ ಹೇಳಿದ. ದೇವರು ಸಿಟ್ಟಾಗಿ ಅವನ ಸಿಂಹಾಸನ ಕಿತ್ತುಕೊಂಡ. ನೀತಿ: ದೇವರ ಮಾತನ್ನು ಅರ್ಧ ಪಾಲಿಸಬಾರದು.

ಮನೆಯಲ್ಲಿ ಓದಿಕೊಳ್ಳುತ್ತಿದ್ದಾಗ ಅಣ್ಣ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕ.

"ಕೂಸುಗಳನ್ನ ಕೊಲ್ಲಂತ ಹೇಳೋನು ಎಂಥಾ ದೇವರವ್ವಾ! ಇವರು ಬಂದು ನಮಗ ಧರ್ಮ ಹೇಳ್ತಾರ!"

"ಹೋದ ತಿಂಗಳು ನಮ್ಮ ಪಡಸಾಲ್ಯಾಗ ಪುರಾಣ ಹಚ್ಚಿಸಿದ್ಯಲ್ಲ, ಶಿವ ಊರಿಗೆ ಊರೇ ಸುಟ್ಟಾಗ ಆ ಊರಾಗ ತೊಟ್ಟಿಲ ಇರಲಿಲ್ಲೇನು? ನೀನ ಎದ್ದು ನಿಂತು ಸಕ್ರಿ ಹಂಚಿದ್ಯಲ್ಲ?" ಎಂದೆ.

"ಅವು ರಾಕ್ಷಸರವು," ಎಂದ ಅಣ್ಣ. ಪಾದ್ರಿಯನ್ನು ಕೇಳಿದ್ದರೆ ಅವರ ಉತ್ತರವೂ ಇದಕ್ಕಿಂತ ಬೇರೆಯಿರುತ್ತಿರಲಿಲ್ಲ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬಹುದಿತ್ತು, ಅಣ್ಣ ಮಡಿಯೆಂದು ಏಳದಿದ್ದರೆ.

ಯುದ್ಧದಿಂದ ಪೆಟ್ರೋಲಿಗೆ ಬರವಾಗಿ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೆಮ್ಮುತ್ತ ಕೆಮ್ಮುತ್ತ ನಮ್ಮನ್ನು ಕೌತಾಳಂ ಮುಟ್ಟಿಸಿತು. ಅಲ್ಲಿಂದ ಬಂಡಿ. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು, ಬೇವಿನ ಮರದ ಕೆಳಗೆ ಹೆಂಗಸರು ಕೂತಿದ್ದರು. ಪಾದ್ರಿ ಹೇಳುತ್ತ ಹೋದರು, ನಾನು ಕನ್ನಡ ಮಾಡುತ್ತ ಹೋದೆ. ಕೂಸುಗಳ ಮಾತು ಬಂದಾಗ ನನ್ನ ನಾಲಿಗೆ ತಡವರಿಸಿತು. ಪಾದ್ರಿ ನಿಂತು, ಏನನ್ನೂ ಬಿಡಬೇಡಿ ಎಂದರು. ಬಿಡಲಿಲ್ಲ. ಈಗ ಇವರು ಎದ್ದು ಬೈಯುತ್ತಾರೆ ಎಂದುಕೊಂಡೆ.

ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಜೋರಾಗಿ ತಲೆಯಾಡಿಸಿದಳು.

"ತಪ್ಪು ಆ ರಾಜಂದ ಐತಿ. ದೇವರಿಗೆ ಬಿಟ್ಟ ಕುರಿ ತಾನಿಟ್ಕೊಂಡ್ರ ಯಾವ ದೇವರು ಸುಮ್ನಿರ್ತಾನ? ನಮ್ಮ ಮಾವ ಹಿಂಗ ಹರಕಿ ಕುರಿ ಮಾರಿಕೊಂಡಿದ್ದ. ಆ ವರ್ಷ ಕುರಿ ಹಿಂಡಿಗೆ ಹಿಂಡ ರೋಗ ಬಂದು ಸತ್ತು ಹೋತು."

ನಾನು ಇಂಗ್ಲಿಷ್ ಮಾಡಿದೆ. ಪಾದ್ರಿಯ ಮುಖ ಅರಳಿತು. ಎಂಥ ಸರಳ ನಂಬಿಕೆ ನೋಡಿ, ಓದಿದವರಿಗೆ ಕಷ್ಟವಾಗುವುದು ಇವರಿಗೆ ಎಷ್ಟು ಸುಲಭ ಎಂದರು. ಊರೆಲ್ಲ ಕುರಿಯ ಹಿಂದೆ ಹೋಗಿತ್ತು, ಕೂಸುಗಳ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಜೊತೆಗೆ, ಹೇಳಿಬಿಡುತ್ತೇನೆ, ಸಮಾಧಾನವೂ ಆಯಿತು: ಮನೆ ಸಿಕ್ಕಿತು.

ಆಗ ಕೂಸಿಗೆ ಹಾಲೂಡುತ್ತಿದ್ದ ಒಬ್ಬಳು ತಲೆಯೆತ್ತಿದಳು.

"ಅಲ್ರೀ ಪಂತುಲಮ್ಮಾ, ನೀರು ಹಾಕಿ ಕೇಳಿದ್ರೇನು?"

"ಯಾರನ್ನ?"

"ಆ ಕೂಸುಗಳನ್ನ. ಅವನ್ನೂ ದೇವರಿಗಂತ ಕೊಂದ್ರಲ್ಲ. ನೀರು ಹಾಕಿದಾಗ ಮೈ ಜಾಡಿಸಿದ್ವೇನು?"

ಸಾರಿಗೆ ಹುಣಸೆಹಣ್ಣು ಹಾಕಿದ್ದೀರಾ ಎನ್ನುವಷ್ಟು ಸಹಜವಾಗಿ ಕೇಳಿದಳು. ಆ ಕಡೆ ದೇವಿಗೆ ಬಿಟ್ಟ ಕುರಿಯನ್ನು ಹಾಗೇ ಕಡಿಯುವುದಿಲ್ಲ. ಬೆನ್ನ ಮೇಲೆ ಅರಿಸಿನದ ನೀರು ಹಾಕಿ ಕಾಯುತ್ತಾರೆ. ಅದು ಮೈ ಜಾಡಿಸಿದರೆ ಒಪ್ಪಿತು ಎಂದರ್ಥ. ಅಲ್ಲಿಯವರೆಗೆ ಕತ್ತಿ ಎತ್ತುವಂತಿಲ್ಲ. ಹೊತ್ತಾದರೆ ಕಿವಿಯಲ್ಲಿ ಊದಿ ಒಪ್ಪಿಸುವುದೂ ಉಂಟು, ಆ ಒಪ್ಪಿಗೆಯ ಯೋಗ್ಯತೆ ನನಗೆ ಗೊತ್ತಿತ್ತು. ಆದರೂ ಕೇಳುವ ಶಾಸ್ತ್ರವೊಂದು ಇತ್ತು.

ಪ್ರಶ್ನೆಯನ್ನು ಇದ್ದಂತೆ ಇಂಗ್ಲಿಷಿಗೆ ಹಾಕತೊಡಗಿದೆ. ಕೂಸು, ನೀರು ಎನ್ನುವಷ್ಟರಲ್ಲೇ ಪಾದ್ರಿ ಕೈ ಜೋಡಿಸಿಬಿಟ್ಟರು. "ಮಕ್ಕಳ ತಲೆಗೆ ನೀರು! ದೀಕ್ಷಾಸ್ನಾನ ಕೇಳುತ್ತಿದ್ದಾರೆ!" ಊರಿನ ಕೂಸುಗಳೆಲ್ಲ ತಮ್ಮ ಮತಕ್ಕೆ ಸೇರಿದವೆಂದೇ ತಿಳಿದು ಅವರ ಕಣ್ಣಲ್ಲಿ ನೀರು ನಿಂತಿತ್ತು. ನಾನು ಸುಮ್ಮನೆ ಹೂಂ ಎಂದಿದ್ದರೆ ಅಲ್ಲೇ ಕಾಯಂ ಆಗುತ್ತಿದ್ದೆ. ಹೂಂ ಎನ್ನಲು ಬಾಯಿ ತೆರೆದೆ, ಆ ಕೂಸು ಹಾಲು ಬಿಟ್ಟು ನನ್ನ ಕಡೆ ನೋಡಿತು. ಕುರಿಯ ಶಾಸ್ತ್ರವನ್ನು ಪೂರ್ತಿ ಬಿಡಿಸಿ ಹೇಳಿದೆ.

 ಪಾದ್ರಿ ಟೋಪಿ ತೆಗೆದು, ಆ ಕೂಸುಗಳು ಬೆಳೆದು ವೈರಿಗಳಾಗುತ್ತಿದ್ದರು, ಮುಂಚೆಯೇ ಸತ್ತದ್ದು ಅವರಿಗೆ ದಯೆಯೇ ಆಯಿತು, ಜೀವ ಕೊಟ್ಟವನು ಯಾರನ್ನೂ ಕೇಳಬೇಕಾಗಿಲ್ಲ ಎಂದು ಹೇಳಿ ಎಂದರು. ಹೇಳಿದೆ. ಅವರ ಇಂಗ್ಲಿಷಿನಲ್ಲಿ ಅದು ಪಾಠದಂತೆ ಕೇಳಿಸಿತ್ತು. ನನ್ನ ಕನ್ನಡದಲ್ಲಿ ಕೇಳಿದಾಗ ನನಗೇ ಹೇಸಿಗೆಯಾಯಿತು.

ಆಕೆ ಸೆರಗನ್ನು ಕೂಸಿನ ಮೇಲೆ ಎಳೆದುಕೊಂಡಳು. ಪಾದ್ರಿಯ ಕಡೆ ನೋಡಲಿಲ್ಲ.

"ಆತ ಪರದೇಶದಾಂವ, ಬಿಡ್ರಿ. ನೀವು ನಮ್ಮ ಸೀಮಿಯವರು. ನಮ್ಮ ಹುಡುಗ್ಯಾರಿಗೆ ಸಾಲ್ಯಾಗ ಇದನ್ನ ಕಲಸ್ತೀರೇನು?"

"ಇಲ್ಲವ್ವಾ. ನಾ ಕಲಸಂಗಿಲ್ಲ."

ಆಕೆ ಏನು ಕೇಳಿದಳು, ನೀವೇನು ಹೇಳಿದಿರಿ ಎಂದು ಪಾದ್ರಿ ಕೇಳಿದರು.  ದುಭಾಷಿಯ ಕೆಲಸ ದುಭಾಷಿಯ ಕೆಲಸವೇ. ಅವಳ ಮಾತನ್ನೂ ನನ್ನ ಮಾತನ್ನೂ ಏನನ್ನೂ ಬಿಡದೆ ಇಂಗ್ಲಿಷ್ ಮಾಡಿ ಒಪ್ಪಿಸಿದೆ.

 ಆದೋನಿಯಲ್ಲಿ ಬಸ್ಸಿಳಿಯುವಾಗ ಪಾದ್ರಿ, ಸೋಮವಾರದಿಂದ ಶಾಲೆಗೆ ಬರುವುದು ಬೇಡ ಎಂದು ಬಹಳ ಮೆತ್ತಗೆ ಹೇಳಿದರು. ಅದನ್ನು ಯಾರಿಗೂ ಅನುವಾದಿಸಿ ಹೇಳಬೇಕಾಗಿರಲಿಲ್ಲ.